ಮನೆ ಪಕ್ಕಕ್ಕೆ ಬಾರ್, ಸ್ಪಾ ಬರುತ್ತಿದ್ದರೆ: ಕಾನೂನು ಅಳೆಯುವುದು ಏನನ್ನು?

ಪ್ರಶ್ನೆ: ನಾವು ಮಂಗಳೂರಿನ ಕೊಟ್ಟಾರದ ಬಳಿ ಒಂದು ಒಳರಸ್ತೆಯಲ್ಲಿ ಬಹಳ ವರ್ಷಗಳಿಂದ ವಾಸವಾಗಿದ್ದೇವೆ. ರಸ್ತೆಯ ತಿರುವಿನಲ್ಲಿ ಈಗ ಮೂರು ಮಹಡಿಯ ಹೊಸ ಕಟ್ಟಡ ಎದ್ದಿದೆ. ಕೆಳಗೆ ಬಾರ್ ಮತ್ತು ರೆಸ್ಟೋರೆಂಟ್, ಮೇಲೆ ಲಾಡ್ಜ್, ಒಂದು ಬದಿಯಲ್ಲಿ ಸ್ಪಾ ಬರುತ್ತದೆಯಂತೆ. ಹತ್ತಿರದಲ್ಲೇ ಶಾಲೆಯಿದೆ, ನಮ್ಮ ಕುಟುಂಬದ ನಾಗಬನವೂ ಇದೆ. ಅಮೆರಿಕದಲ್ಲಿ ವಯಸ್ಕರ ವ್ಯಾಪಾರಗಳಿಗೆ ಬೇರೆಯೇ ವಲಯ ಇರುತ್ತದೆ ಎಂದು ಅಲ್ಲಿರುವ ನನ್ನ ಮಗ ಹೇಳುತ್ತಾನೆ. ನಮ್ಮಲ್ಲಿ ಅಂತಹ ನಿಯಮವಿದೆಯೇ? ಇದನ್ನು ತಡೆಯಬಹುದೇ? ಕೆಲವು ಹುಡುಗರು ‘ನೀವು ಸುಮ್ಮನಿರಿ ಅಂಕಲ್, ನಾವು ನೋಡಿಕೊಳ್ಳುತ್ತೇವೆ’ ಎನ್ನುತ್ತಿದ್ದಾರೆ. ನನಗೆ ಅದು ಇನ್ನೊಂದು ಹೆದರಿಕೆ.
– ಹೆಸರು ಬೇಡವೆಂದ ಓದುಗರು

ಉತ್ತರ: ವಯಸ್ಕರಿಗೆಂದೇ ಇರುವ ವ್ಯಾಪಾರಕ್ಕೆ ಪ್ರತ್ಯೇಕ ವಲಯ ಗುರುತಿಸುವ ನಿಯಮ ಮಂಗಳೂರಿನಲ್ಲೂ ಇಲ್ಲ, ಉಡುಪಿಯಲ್ಲೂ ಇಲ್ಲ. ಆದರೆ ನಿಮ್ಮ ಕೈ ಖಾಲಿಯಾಗಿಲ್ಲ. ಬಾರ್ ಎಲ್ಲಿ ಇರಬಾರದು ಎಂದು ಹೇಳುವ ಅಬಕಾರಿ ನಿಯಮವಿದೆ. ಯಾವ ಜಾಗವನ್ನು ಯಾವುದಕ್ಕೆ ಬಳಸಬಹುದು ಎಂದು ಹೇಳುವ ನಗರ ಯೋಜನಾ ಕಾಯ್ದೆಯಿದೆ. ಮಂಜೂರಾದ ನಕ್ಷೆಯಂತೆಯೇ ಕಟ್ಟಡವನ್ನು ಬಳಸಬೇಕು ಎನ್ನುವ ಅಧಿಕಾರ ಪಾಲಿಕೆಗಿದೆ. ಮೂರೂ ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿ ಕುಳಿತಿವೆ. ಜನರು ಒಂದು ಕಚೇರಿಗೆ ಹೋಗಿ, ‘ಇದು ನಮಗೆ ಬರುವುದಿಲ್ಲ’ ಎಂಬ ಉತ್ತರ ಕೇಳಿ, ಅಲ್ಲಿಗೇ ಕೈಬಿಡುತ್ತಾರೆ. ನಗರ ಯೋಜನೆಯ ಸಲಹೆಗಾರಳಾಗಿ ನಾನು ಅತಿ ಹೆಚ್ಚು ಕಂಡಿರುವುದು ಈ ಸೋಲನ್ನೇ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಅರ್ಜಿಯ ಗೆಲುವು ಸೋಲು ಇದರ ಮೇಲೆಯೇ ನಿಂತಿದೆ. ಈ ಕಾನೂನುಗಳೆಲ್ಲ ನೋಡುವುದು ಜಾಗವನ್ನು: ದೂರ, ಗೇಟು, ರಸ್ತೆ, ಪಾರ್ಕಿಂಗ್, ಶಬ್ದ. ಒಳಗೆ ಯಾರು ಬರುತ್ತಾರೆ, ಯಾರ ಜೊತೆ ಬರುತ್ತಾರೆ, ಅದು ನಮ್ಮ ಸಂಸ್ಕೃತಿಗೆ ಒಗ್ಗುತ್ತದೆಯೇ ಎಂಬುದನ್ನಲ್ಲ. ‘ಇದು ಒಳ್ಳೆಯವರ ಬೀದಿ’ ಎಂದು ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ‘ಶಾಲೆಯ ಹಿಂಬದಿ ಗೇಟಿನಿಂದ 80 ಮೀಟರ್’ ಎಂದು ಬರೆದ ಅರ್ಜಿಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ.

ನಿಮ್ಮ ಮಗ ಹೇಳಿದ್ದು ನಿಜ. ಅಮೆರಿಕದ ಡೆಟ್ರಾಯಿಟ್ ನಗರ 1972ರಲ್ಲಿ ಒಂದು ನಿಯಮ ತಂದಿತು: ಅಶ್ಲೀಲ ಪುಸ್ತಕದಂಗಡಿ, ವಯಸ್ಕರ ಚಿತ್ರಮಂದಿರ ಮುಂತಾದವು ಇಂತಹವೇ ಇನ್ನೆರಡು ವ್ಯಾಪಾರಗಳಿಂದ 1,000 ಅಡಿಯೊಳಗೆ, ವಸತಿ ಪ್ರದೇಶದಿಂದ 500 ಅಡಿಯೊಳಗೆ ಇರಬಾರದು. ಆ ಪಟ್ಟಿಯಲ್ಲಿ ಬಾರ್‌ಗಳು, ಗಿರವಿ ಅಂಗಡಿಗಳು, ಬೂಟ್ ಪಾಲಿಶ್ ಅಂಗಡಿಗಳೂ ಇದ್ದವು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬಾಸ್ಟನ್ ನಗರ ಇದಕ್ಕೆ ತದ್ವಿರುದ್ಧವಾಗಿ, 1974ರಲ್ಲಿ ಎಲ್ಲವನ್ನೂ ಪೇಟೆಯ ನಡುವಿನ ಒಂದೇ ಜಾಗಕ್ಕೆ ಒಟ್ಟುಗೂಡಿಸಿತು. ಒಬ್ಬರು ಚದುರಿಸಿದರು, ಇನ್ನೊಬ್ಬರು ಒಂದೆಡೆ ಕೂಡಿಹಾಕಿದರು. 1986ರಲ್ಲಿ ರೆಂಟನ್ ಎಂಬ ಸಣ್ಣ ಊರಿನ ಪ್ರಕರಣ ಬಂತು. ಮನೆ, ಚರ್ಚ್, ಉದ್ಯಾನ, ಶಾಲೆಗಳಿಂದ 1,000 ಅಡಿ ದೂರವಿರಬೇಕೆಂಬ ನಿಯಮವನ್ನು ನ್ಯಾಯಾಲಯ ಒಪ್ಪಿತು. ಅದಕ್ಕೆ ಕೊಟ್ಟ ಒಂದು ಕಾರಣ, ನಿಯಮ ಪಾಲಿಸಿದ ಮೇಲೂ ಊರಿನಲ್ಲಿ 520 ಎಕರೆ ಜಾಗ ಅಂತಹ ವ್ಯಾಪಾರಕ್ಕೆ ಉಳಿಯುತ್ತಿತ್ತು. ಅಲ್ಲಿನ ಸಂವಿಧಾನದಲ್ಲಿ ಪುಸ್ತಕ, ಸಿನಿಮಾಗಳಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಬಲವಾಗಿದೆ. ಪೂರ್ತಿ ನಿಷೇಧಿಸಲು ಆಗದ ನಗರಗಳು ದೂರ ತಳ್ಳುವ ದಾರಿಯನ್ನು ಕಂಡುಕೊಂಡವು.

ನಮ್ಮ ಕಾನೂನು ಬೇರೆ ಕಡೆಯಿಂದ ಹೊರಡುತ್ತದೆ. ಅಶ್ಲೀಲ ವಸ್ತುಗಳ ಮಾರಾಟ ಇಲ್ಲಿ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಅದಕ್ಕಿದೆ. ಅಪರಾಧಕ್ಕೆ ವಲಯ ಗುರುತಿಸುವ ಪ್ರಶ್ನೆ ಏಳುವುದಿಲ್ಲ. ಮದ್ಯದ ವ್ಯಾಪಾರವಂತೂ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಸರ್ಕಾರ ಷರತ್ತು ಹಾಕಿ ಕೊಡುವ ಅನುಮತಿ. ಷರತ್ತು ಮುರಿದಿದೆ ಎಂದು ತೋರಿಸಿದರೆ ಅನುಮತಿಯ ಬುಡವೇ ಅಲ್ಲಾಡುತ್ತದೆ. ನಿಮಗೆ ಅನುಕೂಲವಾದ ಅಂಶ ಇದು. ಅದನ್ನು ಬಿಟ್ಟು ನೈತಿಕತೆಯ ಭಾಷಣಕ್ಕೆ ಇಳಿಯಬೇಡಿ.

ಈಗ ನಿಮ್ಮ ಕಟ್ಟಡಕ್ಕೆ ಬರೋಣ. ಮೊದಲು ತಿಳಿಯಬೇಕಾದದ್ದು ಯಾವ ನಮೂನೆಯ ಸನ್ನದು, ಅಂದರೆ ಮದ್ಯ ಮಾರಾಟದ ಲೈಸೆನ್ಸ್, ಎಂಬುದು. ಬಾಟಲಿ ಕೊಂಡು ಹೋಗುವ ವೈನ್ ಶಾಪ್‌ಗೆ ಸಿಎಲ್-2, ಕುಳಿತು ಕುಡಿಯುವ ಬಾರ್‌ಗೆ ಸಿಎಲ್-9, ಲಾಡ್ಜ್ ಇರುವ ಹೋಟೆಲ್‌ಗೆ ಸಿಎಲ್-7, ಕ್ಲಬ್‌ಗೆ ಸಿಎಲ್-4. ಸಿಎಲ್-2 ಮತ್ತು ಸಿಎಲ್-9ರಲ್ಲಿ ಹೊಸ ಸನ್ನದು ಕೊಡುವುದನ್ನು ಸರ್ಕಾರ 1992ರಿಂದ ಬಹುಕಾಲ ನಿಲ್ಲಿಸಿಯೇ ಇಟ್ಟಿತ್ತು. ಹಾಗಾಗಿ ‘ಹೊಸ ಬಾರ್’ ಎಂದು ನಮಗೆ ಕಾಣುವುದು ಸಾಮಾನ್ಯವಾಗಿ ಬೇರೆಲ್ಲೋ ಇದ್ದ ಹಳೆಯ ಸನ್ನದಿನ ಸ್ಥಳಾಂತರವಾಗಿರುತ್ತದೆ, ಇಲ್ಲವೇ ಕೋಣೆಗಳನ್ನು ತೋರಿಸಿ ಪಡೆದ ಸಿಎಲ್-7 ಆಗಿರುತ್ತದೆ. ಕೆಳಗೆ ಬಾರ್, ಮೇಲೆ ಲಾಡ್ಜ್ ಎಂದು ನೀವು ಬರೆದದ್ದನ್ನು ಓದಿದರೆ ಇದು ಎರಡನೆಯದು ಎಂದು ನನಗೆ ತೋರುತ್ತದೆ. ಆ ನಮೂನೆಗೆ ಕನಿಷ್ಠ ಇಷ್ಟು ಕೋಣೆಗಳಿರಬೇಕು, ಅವು ನಿಜವಾಗಿ ವಸತಿಗೆ ಯೋಗ್ಯವಾಗಿರಬೇಕು ಎಂಬ ಷರತ್ತುಗಳಿವೆ. ಕಾಗದದಲ್ಲಿ ಮಾತ್ರ ಇರುವ ಕೋಣೆ, ಉಗ್ರಾಣವಾಗಿ ಬಳಕೆಯಾಗುವ ಕೋಣೆ, ಸ್ನಾನಗೃಹವಿಲ್ಲದ ಕೋಣೆ ಇವೆಲ್ಲ ಆಕ್ಷೇಪಣೆಗೆ ಕಾರಣಗಳು. ಎಲ್ಲ ನಮೂನೆಗಳಿಗೂ ಒಂದೇ ಷರತ್ತುಗಳಿಲ್ಲ ಎಂಬುದು ನೆನಪಿರಲಿ. ಸಿಎಲ್-2ರ ವಿರುದ್ಧ ಬರೆದ ಅರ್ಜಿ ಸಿಎಲ್-7ಕ್ಕೆ ತಗಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಕರ್ನಾಟಕ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು, 1967, ಅದರ 5ನೇ ನಿಯಮ. ಶಿಕ್ಷಣ ಸಂಸ್ಥೆ, ಧಾರ್ಮಿಕ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡಬಾರದು ಎನ್ನುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಪ್ರದೇಶದಲ್ಲಿಯೂ ಕೊಡುವಂತಿಲ್ಲ. ಗಮನಿಸಿ: ಮನೆಗಳಿಂದ ಇಷ್ಟು ದೂರ ಎಂದು ಇಲ್ಲಿ ಇಲ್ಲ. ‘ನಮ್ಮ ಮನೆಗೆ 20 ಮೀಟರ್’ ಎಂಬ ವಾದ ಅಬಕಾರಿ ಕಚೇರಿಯಲ್ಲಿ ನಿಲ್ಲುವುದಿಲ್ಲ. ಅದನ್ನು ಎಲ್ಲಿ ಹೇಳಬೇಕೆಂದು ಮುಂದೆ ಬರೆಯುತ್ತೇನೆ.

ಈ 100 ಮೀಟರನ್ನು ಅಳೆಯುವ ಬಗೆಯಲ್ಲೇ ಇಡೀ ಪ್ರಕರಣ ಅಡಗಿರುತ್ತದೆ. ಮೊಬೈಲಿನ ಭೂಪಟದಲ್ಲಿ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದು ‘72 ಮೀಟರ್’ ಎಂದು ತೋರಿಸುವವರು ಬಹಳ ಮಂದಿ. ನಿಯಮ ಹಾಗೆ ಅಳೆಯುವುದಿಲ್ಲ. ಮದ್ಯದಂಗಡಿಯ ಬಾಗಿಲಿನ ಮಧ್ಯಬಿಂದುವಿನಿಂದ ಹೊರಟು, ಕಾಲ್ನಡಿಗೆಯವರು ಸಾಮಾನ್ಯವಾಗಿ ಹೋಗುವ ಅತಿ ಹತ್ತಿರದ ದಾರಿಯಲ್ಲಿ ಸಾಗಿ, ಸಂಸ್ಥೆಯ ಅತಿ ಹತ್ತಿರದ ಗೇಟಿನ ಮಧ್ಯಬಿಂದುವಿಗೆ ಮುಟ್ಟಬೇಕು. ಸಂಸ್ಥೆಗೆ ಆವರಣ ಗೋಡೆ ಇಲ್ಲದಿದ್ದರೆ ಕಟ್ಟಡದ ಹತ್ತಿರದ ಬಾಗಿಲಿಗೆ. ಪಕ್ಷಿ ಹಾರುವ ದೂರ ಬೇರೆ, ಮಗು ನಡೆಯುವ ದೂರ ಬೇರೆ.

ಒಂದು ಸ್ಥಳ ಪರಿಶೀಲನೆಯಲ್ಲಿ ನಾನು ನಿವಾಸಿಗಳ ಪರವಾಗಿ ನಿಂತಿದ್ದೆ. ಅರ್ಜಿದಾರರ ನಕ್ಷೆಯಲ್ಲಿ ಶಾಲೆಗೆ ಒಂದೇ ಗೇಟು, ಮುಖ್ಯರಸ್ತೆಯ ಕಡೆಗೆ. ದೂರ 130 ಮೀಟರ್. ಆದರೆ ಶಾಲೆಯ ಹಿಂಬದಿಯಲ್ಲಿ, ಕೆಂಪು ಕಲ್ಲಿನ ಗೋಡೆಯ ನಡುವೆ, ಬಾಲವಾಡಿಯ ಮಕ್ಕಳಿಗೆಂದೇ ಇಟ್ಟ ಸಣ್ಣ ಕಬ್ಬಿಣದ ಗೇಟಿತ್ತು. ಆಟೊಗಳು ಅಲ್ಲೇ ನಿಲ್ಲುತ್ತಿದ್ದವು. ಗೇಟಿನ ಮುಂದಿನ ಮಣ್ಣು ಕಾಲು ತುಳಿದು ಗಟ್ಟಿಯಾಗಿ ಹೊಳೆಯುತ್ತಿತ್ತು. ಆ ದಾರಿಯಲ್ಲಿ ಟೇಪು ಹಿಡಿದಾಗ 80 ಮೀಟರ್ ಕೂಡ ಆಗಲಿಲ್ಲ. ‘ಇದು ಬಳಕೆಯ ಗೇಟಲ್ಲ’ ಎಂಬ ವಾದ ಬಂತು. ಮುಖ್ಯೋಪಾಧ್ಯಾಯಿನಿ ಬೀಗದ ಕೈ, ಆಟೊದವರ ಹೇಳಿಕೆ, ಮಕ್ಕಳು ಹೊರಬರುವ ಹೊತ್ತಿನ ಚಿತ್ರಗಳನ್ನು ಮುಂದಿಟ್ಟರು. ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಬರೆಯುವ ಪರಿಶೀಲನೆಯ ದಾಖಲೆಯಲ್ಲಿ, ಎರಡನೆಯ ಗೇಟು ದಾಖಲಾಯಿತು. ಅಂದು ಆ ಮಹಜರಿಗೆ ಸಹಿ ಬೀಳದೆ ಹೋಗಿದ್ದರೆ ಮುಂದೆ ಯಾವ ವಕೀಲರೂ ಆ ಗೇಟನ್ನು ಕಡತದೊಳಗೆ ತರುವುದು ಕಷ್ಟವಾಗುತ್ತಿತ್ತು.

ಇದರ ಮಗ್ಗುಲಲ್ಲೇ ಇನ್ನೊಂದಿದೆ: ಬಾರ್‌ನ ಬಾಗಿಲನ್ನೇ ತಿರುಗಿಸುವುದು. ಕಟ್ಟಡ ಎರಡು ರಸ್ತೆಗಳ ಮೂಲೆಯಲ್ಲಿದ್ದರೆ ಶಾಲೆಯ ಕಡೆಯ ಬಾಗಿಲನ್ನು ಮುಚ್ಚಿ, ಆಚೆ ರಸ್ತೆಗೆ ಬಾಗಿಲಿಟ್ಟು ದೂರವನ್ನು ಹಿಗ್ಗಿಸುತ್ತಾರೆ. ನಿಮ್ಮ ಕಟ್ಟಡ ತಿರುವಿನಲ್ಲಿದೆ ಎಂದಿದ್ದೀರಿ, ಆದ್ದರಿಂದ ಈಗಲೇ ನಾಲ್ಕೂ ಬದಿಯ ಚಿತ್ರ ತೆಗೆದಿಡಿ. ದಿನಾಂಕ ಕಾಣುವಂತಿರಲಿ. ಮುಚ್ಚಿದ ಬಾಗಿಲು ಉದ್ಘಾಟನೆಯ ನಂತರ ಮತ್ತೆ ತೆರೆದರೆ ಅದು ಸನ್ನದಿನೊಂದಿಗೆ ಮಂಜೂರಾದ ನಕ್ಷೆಯ ಉಲ್ಲಂಘನೆ. ಇನ್ನು ಹೆದ್ದಾರಿಯ ಆಚೆ ಬದಿಯಲ್ಲಿ ಶಾಲೆಯಿದ್ದರೆ ಮತ್ತೊಂದು ಜಗಳ: ನಡುವಿನ ವಿಭಜಕವನ್ನು ದಾಟುವುದೋ, ಸುತ್ತಿ ಬರುವುದೋ? ಜನರು ನಿತ್ಯ ದಾಟುವ ಜಾಗ ಯಾವುದು, ವಿಭಜಕದಲ್ಲಿ ತೆರವು ಎಲ್ಲಿದೆ ಎಂಬುದನ್ನು ಚಿತ್ರ ಸಮೇತ ತೋರಿಸಬೇಕು. ಬಾರ್ ಮೊದಲೇ ಇದ್ದು ಶಾಲೆ ಆಮೇಲೆ ಬಂದಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ. ನಿಮ್ಮಲ್ಲಿ ಶಾಲೆಯೇ ಹಳೆಯದು ಎಂದಾದರೆ ಮಾನ್ಯತೆಯ ಆದೇಶದ ಪ್ರತಿಯನ್ನು ಶಾಲೆಯಿಂದ ಪಡೆದುಕೊಳ್ಳಿ. ಶಾಲೆಯ ಆಡಳಿತ ಮಂಡಳಿಯೇ ತನ್ನ ಮುದ್ರೆ ಹಾಕಿ ಪ್ರತ್ಯೇಕವಾಗಿ ಆಕ್ಷೇಪಿಸಿದರೆ ಇನ್ನೂ ಒಳ್ಳೆಯದು.

ನಾಗಬನದ ವಿಷಯ ಕರಾವಳಿಯಲ್ಲಿ ಮಾತ್ರ ಏಳುವಂಥದ್ದು, ಅದಕ್ಕೆ ಸ್ವಲ್ಪ ಎಚ್ಚರಿಕೆ ಬೇಕು. ನಮ್ಮ ಪಾಲಿಗೆ ನಾಗಬನ, ದೈವಸ್ಥಾನ, ಕಟ್ಟೆ ಎಲ್ಲವೂ ದೇವರ ಜಾಗವೇ. ಆದರೆ ಕಡತ ಕೇಳುವುದು ದಾಖಲೆಯನ್ನು. ಧಾರ್ಮಿಕ ದತ್ತಿ ಇಲಾಖೆಯ ಪಟ್ಟಿಯಲ್ಲಿದೆಯೇ? ಟ್ರಸ್ಟ್ ನೋಂದಣಿ ಆಗಿದೆಯೇ? ಪಹಣಿಯಲ್ಲಿ ದೇವರ ಹೆಸರಿದೆಯೇ, ಕುಟುಂಬದ ಹೆಸರಿದೆಯೇ? ವರ್ಷಕ್ಕೊಮ್ಮೆ ಮನೆಯವರು ಮಾತ್ರ ತಂಬಿಲ ಸೇವೆ ನಡೆಸುವ, ಖಾಸಗಿ ಜಾಗದೊಳಗಿನ ಬನವನ್ನು ಧಾರ್ಮಿಕ ಸಂಸ್ಥೆ ಎಂದು ಸಾಧಿಸುವುದು ಕಷ್ಟ. ಊರಿನವರೆಲ್ಲ ಸೇರುವ, ಸಮಿತಿ ಇರುವ, ನೇಮದ ಆಮಂತ್ರಣ ಪತ್ರಿಕೆ ಅಚ್ಚಾಗುವ ದೈವಸ್ಥಾನವಾದರೆ ಬೇರೆ ಮಾತು. ನಿಮ್ಮದು ಕುಟುಂಬದ ಬನ ಎಂದು ಬರೆದಿದ್ದೀರಿ. ಶಾಲೆಯ ಆಧಾರ ಗಟ್ಟಿಯಾಗಿದ್ದರೆ ಅದನ್ನೇ ಮುಂದಿಡಿ, ಬನವನ್ನು ಎರಡನೆಯ ಸಾಲಿನಲ್ಲಿ ಸೇರಿಸಿ. ದುರ್ಬಲ ಕಾರಣವನ್ನು ಮೊದಲು ಬರೆದರೆ ಅದನ್ನು ಒಡೆಯುವುದರಲ್ಲೇ ಎದುರಾಳಿ ಇಡೀ ಅರ್ಜಿಯನ್ನು ಮುಗಿಸಿಬಿಡುತ್ತಾನೆ.

ಕೊಟ್ಟಾರದವರು ಹೆದ್ದಾರಿಯ ಪ್ರಶ್ನೆಯನ್ನೂ ಕೇಳುತ್ತಾರೆ, ಏಕೆಂದರೆ ರಾಷ್ಟ್ರೀಯ ಹೆದ್ದಾರಿ 66 ಅಲ್ಲೇ ಹಾದು ಹೋಗುತ್ತದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಬೇಡವೆಂದಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷ ಜುಲೈ 11ರಂದು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯೊಳಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಆದ್ದರಿಂದ ಪಾಲಿಕೆಯೊಳಗಿನ ಕೊಟ್ಟಾರದಲ್ಲಿ ಹೆದ್ದಾರಿಯ ವಾದ ನಡೆಯುವುದಿಲ್ಲ. ಮಣಿಪಾಲದ ಅಂಚಿನಂತೆ ಒಂದು ಬದಿ ನಗರಸಭೆ, ಇನ್ನೊಂದು ಬದಿ ಪಂಚಾಯತ್ ಇರುವಲ್ಲಿ ಮಾತ್ರ ಗಡಿ ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಪಂಚಾಯತ್ ಪ್ರದೇಶದ ವಿಷಯವನ್ನು 2018ರಲ್ಲಿ ನ್ಯಾಯಾಲಯ ರಾಜ್ಯ ಸರ್ಕಾರಗಳ ವಿವೇಚನೆಗೆ ಬಿಟ್ಟಿತು.

ಈಗ ವಲಯದ ಮಾತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವೆಲ್ಲ ಮುಡಾ ಎನ್ನುವ ಕಚೇರಿ, ಮಹಾಯೋಜನೆ ಸಿದ್ಧಪಡಿಸುತ್ತದೆ. ಅದರ ಜೊತೆಗೇ ವಲಯ ನಿಯಮಾವಳಿ ಇರುತ್ತದೆ. ಉಡುಪಿಗೆ ಅಲ್ಲಿನದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಭೂ ಉಪಯೋಗದ ನಕ್ಷೆಯಲ್ಲಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಉಪಯೋಗ, ಹಸಿರು ಉದ್ಯಾನ. ನಿಮ್ಮ ಸರ್ವೆ ನಂಬರು ಹಳದಿಯಲ್ಲಿದೆಯೇ ನೀಲಿಯಲ್ಲಿದೆಯೇ ಎಂದು ತಿಳಿಯಲು ಪ್ರಾಧಿಕಾರದಲ್ಲಿ ವಲಯ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಬಹುದು. ಹಳದಿ ವಲಯದಲ್ಲಿ ಏನೇನು ಸಾಮಾನ್ಯವಾಗಿ ಒಪ್ಪಿತ, ಏನೇನು ಪ್ರಾಧಿಕಾರದ ವಿಶೇಷ ಅನುಮತಿಯಿಂದ ಮಾತ್ರ ಎಂಬ ಎರಡು ಪಟ್ಟಿಗಳಿರುತ್ತವೆ. ದಿನಸಿ ಅಂಗಡಿ, ಕ್ಲಿನಿಕ್, ವಕೀಲರ ಕಚೇರಿಗಳಂಥವು ಮನೆಗಳ ನಡುವೆ ಬರಬಹುದು. ಲಾಡ್ಜ್ ಮತ್ತು ಬಾರ್ ಇರುವ ಹೋಟೆಲು ಅಷ್ಟು ಸುಲಭಕ್ಕೆ ಬರುವಂತಿಲ್ಲ. ರಸ್ತೆಯ ಅಗಲ, ನಿವೇಶನದ ಅಳತೆ, ಪಾರ್ಕಿಂಗ್ ಎಲ್ಲವನ್ನೂ ನೋಡಬೇಕಾಗುತ್ತದೆ. ‘ನಮ್ಮ ಮನೆಗೆ 20 ಮೀಟರ್’ ಎಂಬಂಥ ಮಾತಿಗೆ ತೂಕ ಬರುವುದು ಇಲ್ಲಿ. ವಸತಿ ವಲಯವನ್ನು ವಾಣಿಜ್ಯಕ್ಕೆ ಬದಲಾಯಿಸಿದ್ದರೆ ಅದಕ್ಕೆ ಕಾಯ್ದೆಯ 14-ಎ ಕಲಂನ ವಿಧಾನವಿದೆ: ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಯಾವ ಪತ್ರಿಕೆಯಲ್ಲಿ, ಯಾವಾಗ ಬಂತು ಎಂದು ಕೇಳಿ. ಯಾರೂ ಓದದ ಮೂಲೆಯಲ್ಲಿ ಬಂದಿದ್ದರೂ ಅದು ಬಂದದ್ದೇ ಎಂದು ಲೆಕ್ಕ. ಆದರೆ ಬಂದೇ ಇಲ್ಲವಾದರೆ ನಿಮ್ಮ ಕೈಗೆ ದೊಡ್ಡ ಆಧಾರ ಸಿಕ್ಕಂತೆ.

ಇದರ ನಂತರ ಪಾಲಿಕೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಅಡಿಯಲ್ಲಿ ಕಟ್ಟಡ ಪರವಾನಗಿಯೂ ಉದ್ದಿಮೆ ಪರವಾನಗಿಯೂ ಅಲ್ಲಿಂದಲೇ. ಉಡುಪಿಯಲ್ಲಾದರೆ ಪುರಸಭೆಗಳ ಕಾಯ್ದೆ, 1964ರಂತೆ ನಗರಸಭೆ. ಇಲ್ಲಿ ನಾನು ನಿವಾಸಿಗಳಿಗೆ ಯಾವಾಗಲೂ ಹೇಳುವುದು ನೆಲಮಾಳಿಗೆಯನ್ನು ನೋಡಿ ಎಂದು. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಂದಿರುವ ಜಾಗ ಎಷ್ಟು ಕಡೆ ಅಡುಗೆ ಮನೆ, ಉಗ್ರಾಣ, ಅಂಗಡಿ ಆಗಿಬಿಟ್ಟಿದೆ ಎಂಬುದು ಮಂಗಳೂರಿನಲ್ಲಿ ಸಂಜೆ ವಾಹನ ನಿಲ್ಲಿಸಲು ಸುತ್ತಾಡಿದ ಎಲ್ಲರಿಗೂ ಗೊತ್ತು. ಬಾರ್‌ಗೆ ಬರುವವರ ಕಾರುಗಳು ಒಳರಸ್ತೆಯಲ್ಲಿ ನಿಲ್ಲುತ್ತವೆ, ರಾತ್ರಿ ಆಂಬುಲೆನ್ಸ್ ಬಂದರೆ ನುಗ್ಗಲು ದಾರಿ ಇರುವುದಿಲ್ಲ. ಇದು ನಿಮ್ಮ ಆಕ್ಷೇಪಣೆಯ ಅತಿ ಪ್ರಾಮಾಣಿಕ ಭಾಗ, ಅದನ್ನು ಸಂಕೋಚವಿಲ್ಲದೆ ಬರೆಯಿರಿ. ರಸ್ತೆ ಎಷ್ಟು ಅಗಲ, ನಕ್ಷೆಯಂತೆ ಎಷ್ಟು ವಾಹನಗಳಿಗೆ ಜಾಗ ಬೇಕು, ಈಗ ಎಷ್ಟಕ್ಕಿದೆ ಎಂದು ಅಂಕಿ ಕೊಡಿ.

ಸ್ಪಾ ವಿಷಯಕ್ಕೆ ಬರುತ್ತೇನೆ. ಬಾರ್‌ಗೆ ಇರುವಂತಹ 100 ಮೀಟರ್ ನಿಯಮ ಸ್ಪಾಗೆ ಇಲ್ಲ. ಉದ್ದಿಮೆ ಪರವಾನಗಿ ಪಡೆದು, ವಲಯ ನಿಯಮಾವಳಿಗೆ ಒಳಪಟ್ಟು ನಡೆಯುವ ಸ್ಪಾ ಒಂದು ಕ್ಷೌರದಂಗಡಿಯಷ್ಟೇ ಕಾನೂನುಬದ್ಧ. ಅಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಅನುಮಾನದಿಂದ ನೋಡುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಅನೈತಿಕ ವ್ಯವಹಾರಗಳ ತಡೆ ಕಾಯ್ದೆ, 1956ರಲ್ಲಿ ದೂರದ ಮಾತೊಂದಿದೆ: ಸಾರ್ವಜನಿಕ ಪೂಜಾಸ್ಥಳ, ಶಿಕ್ಷಣ ಸಂಸ್ಥೆ, ವಿದ್ಯಾರ್ಥಿ ನಿಲಯ, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ವೇಶ್ಯಾವಾಟಿಕೆ ನಡೆದರೆ 7ನೇ ಕಲಂ, ಅಂತಹ ಜಾಗವನ್ನು ಮುಚ್ಚಿಸಲು ಮ್ಯಾಜಿಸ್ಟ್ರೇಟರಿಗೆ 18ನೇ ಕಲಂ. ಅದಕ್ಕೂ ನೋಟಿಸು, ಉತ್ತರಕ್ಕೆ ಏಳು ದಿನಗಳ ಅವಕಾಶ ಬೇಕು. ತನಿಖೆ ಪೊಲೀಸರ ಕೆಲಸ, ನೆರೆಹೊರೆಯವರದಲ್ಲ. ಸ್ವಇಚ್ಛೆಯ ಲೈಂಗಿಕ ವೃತ್ತಿ ಅಪರಾಧವಲ್ಲ, ವೃತ್ತಿಯಲ್ಲಿರುವವರ ಘನತೆಗೆ ಧಕ್ಕೆ ತರಬಾರದು ಎಂದು 2022ರ ಮೇ 19ರಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ನಿರ್ದೇಶನ ಕೊಟ್ಟಿದೆ. ಖಚಿತ ಮಾಹಿತಿ ಇದ್ದರೆ, ಯಾರನ್ನಾದರೂ ಬಲವಂತದಿಂದ ಇರಿಸಿಕೊಂಡಿದ್ದಾರೆ ಎಂಬ ಶಂಕೆ ಇದ್ದರೆ 112ಕ್ಕೆ ಕರೆ ಮಾಡಿ. ಕೇವಲ ಫಲಕದ ಮೇಲೆ ‘ಸ್ಪಾ’ ಎಂದಿರುವುದು ದೂರಿಗೆ ಕಾರಣವಲ್ಲ. ಹುಕ್ಕಾ ಬಾರ್ ಮಾತ್ರ ಬೇರೆ. ಅದಕ್ಕೆ ಕರ್ನಾಟಕದಲ್ಲಿ ಈಗ ಅವಕಾಶವೇ ಇಲ್ಲ.

ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಹೆಚ್ಚು ಕಾಡಿತು. ಆ ಹುಡುಗರನ್ನು ತಡೆಯಿರಿ. ನಮ್ಮ ಊರಿಗೆ ಇದರ ಅನುಭವವಿದೆ. 2009ರ ಜನವರಿ 24ರಂದು ಬಲ್ಮಠದ ಪಬ್ ಒಂದಕ್ಕೆ ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ಕೈಮಾಡಿದರು. ಪಬ್ ಪ್ರಕರಣದ ಆರೋಪಿಗಳೆಲ್ಲ 2018ರಲ್ಲಿ ಖುಲಾಸೆಯಾದರು. ಆ ಯುವತಿಯರು ಅಂದು ಅನುಭವಿಸಿದ ಭಯಕ್ಕೆ ಯಾವ ಕಡತದಲ್ಲೂ ಪರಿಹಾರ ದಾಖಲಾಗಿಲ್ಲ. ಕಾನೂನಿನ ಲೆಕ್ಕದಲ್ಲಿ ನೋಡಿದರೂ, ಒಂದು ಕಲ್ಲು ಬಿದ್ದ ಕ್ಷಣದಲ್ಲಿ ದೂರ ಅಳೆದು ಬರೆದ ನಿಮ್ಮ ಅರ್ಜಿ ಸತ್ತಂತೆಯೇ. ಆಮೇಲೆ ಅಂಗಡಿಯವನು ಸಂತ್ರಸ್ತ, ಆಕ್ಷೇಪಿಸಿದವರೆಲ್ಲ ಶಂಕಿತರು. ಈ ಮಾತನ್ನು ಹುಡುಗರಿಗೆ ನೀವೇ ಹೇಳಿ. ಅವರಿಗೆ ಕೆಲಸ ಬೇಕಿದ್ದರೆ ಟೇಪು ಹಿಡಿಯಲಿ, ಚಿತ್ರ ತೆಗೆಯಲಿ, ಕಚೇರಿಗೆ ನಿಮ್ಮ ಜೊತೆ ಬರಲಿ.

‘ಎಲ್ಲವನ್ನೂ ಊರಿನಾಚೆ ಕಳಿಸುವ ನಿಯಮ ಬರಲಿ’ ಎನ್ನುವವರಿಗೂ ಒಂದು ಉತ್ತರವಿದೆ. ಮಹಾರಾಷ್ಟ್ರ ಸರ್ಕಾರ ಡಾನ್ಸ್ ಬಾರ್‌ಗಳು ಶಾಲೆ, ಪೂಜಾಸ್ಥಳಗಳಿಂದ 1 ಕಿಲೋಮೀಟರ್ ದೂರವಿರಬೇಕೆಂಬ ಷರತ್ತು ಹಾಕಿತ್ತು. 2019ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು: ಮುಂಬೈಯಂತಹ ನಗರದಲ್ಲಿ ಅಂತಹ ಜಾಗ ಸಿಗುವುದೇ ಇಲ್ಲ, ಆದ್ದರಿಂದ ಇದು ನಿಯಂತ್ರಣವಲ್ಲ, ಹಿಂಬಾಗಿಲಿನ ನಿಷೇಧ. ಹಂಪನಕಟ್ಟೆಯಲ್ಲಿ ನಿಂತು ಸುತ್ತ 1 ಕಿಲೋಮೀಟರ್ ನೋಡಿ: ಮಿಲಾಗ್ರಿಸ್ ಚರ್ಚ್, ಶರವು ಮಹಾಗಣಪತಿ ದೇವಸ್ಥಾನ, ವೆನ್ಲಾಕ್ ಆಸ್ಪತ್ರೆ, ವಿಶ್ವವಿದ್ಯಾನಿಲಯ ಕಾಲೇಜು, ಸೇಂಟ್ ಅಲೋಶಿಯಸ್ ಎಲ್ಲವೂ ಅದರೊಳಗೆ ಬರುತ್ತವೆ. ಪಾಲಿಸಲು ಆಗದ ನಿಯಮಕ್ಕಿಂತ, ಇರುವ 100 ಮೀಟರನ್ನು ಸರಿಯಾಗಿ ಅಳೆಯುವುದೇ ನಿವಾಸಿಗಳಿಗೆ ಹೆಚ್ಚು ಲಾಭ ಎಂದು ನಾನು ದೃಢವಾಗಿ ನಂಬುತ್ತೇನೆ.

ನಿಯಮದಂತೆಯೇ ಇದೆ ಎಂದಾಗಿ ಬಾರ್ ತೆರೆದರೆ? ಆಗ ಶಬ್ದ ಮತ್ತು ಉಪದ್ರವದ ಕಾನೂನು. ಶಬ್ದ ಮಾಲಿನ್ಯ ನಿಯಮಗಳು, 2000ರಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ರಸ್ತೆಗೆ ಅಡ್ಡ ನಿಲ್ಲುವ ವಾಹನ, ಚರಂಡಿಗೆ ಬಿಡುವ ಅಡುಗೆ ಮನೆಯ ನೀರು ಇಂತಹವುಗಳಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿಯಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು.

ಈಗ ನೀವು ಮಾಡಬೇಕಾದದ್ದು. ಸನ್ನದು ಮಂಜೂರಾಗುವ ಮುನ್ನ ಕೊಟ್ಟ ಆಕ್ಷೇಪಣೆಗೆ ಇರುವ ಬಲ ಆಮೇಲೆ ಇರುವುದಿಲ್ಲ, ಆದ್ದರಿಂದ ಎಲ್ಲ ದಾಖಲೆ ಕೂಡಿಬರಲಿ ಎಂದು ಕಾಯಬೇಡಿ. ಜಿಲ್ಲಾಧಿಕಾರಿಗಳಿಗೆ ಒಂದು ಪುಟದ ಆಕ್ಷೇಪಣೆ ಬರೆದು, ಪ್ರತಿಯನ್ನು ಅಬಕಾರಿ ಉಪ ಆಯುಕ್ತರಿಗೂ ಪಾಲಿಕೆಯ ಆಯುಕ್ತರಿಗೂ ಮುಡಾ ಆಯುಕ್ತರಿಗೂ ಕೊಡಿ. ಅದರೊಂದಿಗೆ ಕೈಯಲ್ಲೇ ಬರೆದ ಒಂದು ನಕ್ಷೆ ಸಾಕು: ಕಟ್ಟಡದ ಬಾಗಿಲು, ಶಾಲೆಯ ಎಲ್ಲ ಗೇಟುಗಳು, ನಡೆದು ಹೋಗುವ ದಾರಿ, ಮೀಟರು. ಸ್ಥಳ ಪರಿಶೀಲನೆಗೆ ನಿವಾಸಿಗಳನ್ನೂ ಕರೆಯಬೇಕೆಂದು ಅದರಲ್ಲೇ ಕೇಳಿ. ಅದೇ ದಿನ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿಗಳನ್ನೂ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ. ಆದ್ದರಿಂದ ಅಬಕಾರಿ ಕಚೇರಿಗೆ ಒಂದು: ಸನ್ನದಿನ ಅರ್ಜಿ, ಸ್ಥಳ ಪರಿಶೀಲನಾ ವರದಿ, ದೂರದ ನಕ್ಷೆ. ಪಾಲಿಕೆಗೆ ಇನ್ನೊಂದು: ಮಂಜೂರಾದ ಕಟ್ಟಡ ನಕ್ಷೆ, ಪಾರ್ಕಿಂಗ್ ವಿವರ. ಮುಡಾಕ್ಕೆ ಮತ್ತೊಂದು: ಆ ಸರ್ವೆ ನಂಬರಿನ ವಲಯ, ಬದಲಾವಣೆಯ ಆದೇಶ ಇದ್ದರೆ ಅದರ ಪ್ರತಿ. 30 ದಿನಗಳಲ್ಲಿ ಉತ್ತರ ಬರಬೇಕು.

ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಸನ್ನದು ಈಗಾಗಲೇ ಸಿಕ್ಕಿದ್ದರೂ ಪ್ರತಿ ವರ್ಷ ಅದು ನವೀಕರಣಕ್ಕೆ ಬರುತ್ತದೆ. ಮೇ ತಿಂಗಳಲ್ಲೇ ಆಕ್ಷೇಪಣೆ ಕಡತದಲ್ಲಿ ಇರುವಂತೆ ನೋಡಿಕೊಳ್ಳಿ. ಆದೇಶ ನಿಮ್ಮ ವಿರುದ್ಧ ಬಂದರೆ ಅಬಕಾರಿ ಆಯುಕ್ತರಿಗೆ, ಅಲ್ಲಿಂದ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ದಕ್ಷಿಣ ಕನ್ನಡ, ಉಡುಪಿಯವರಿಗೆ ಹೈಕೋರ್ಟ್ ಎಂದರೆ ಬೆಂಗಳೂರಿನ ಪ್ರಧಾನ ಪೀಠ. ವಕೀಲರ ಖರ್ಚು ಹತ್ತು ಮನೆಗಳು ಹಂಚಿಕೊಂಡರೆ ಹಗುರ. ನಾಳೆ ಅರ್ಜಿ ಕೊಡಲು ಹೋದಾಗ ನಿಮ್ಮ ಬಳಿ ಉಳಿಯುವ ಪ್ರತಿಗೆ ಪ್ರತಿಯೊಂದು ಕಚೇರಿಯಲ್ಲೂ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ಎಲ್ಲಿಗೆ ಹೋದರೂ ನೀವು ಯಾವ ದಿನ ಆಕ್ಷೇಪಿಸಿದಿರಿ ಎಂದೇ ಮೊದಲು ಕೇಳುತ್ತಾರೆ.